ಹಳೆಯ ಆರ್ಕೇಡ್ ಮಾನಿಟರ್‌ನ ರೆಗ್ಯುಲೇಟರ್ ಹೆಚ್ಚು ಕರೆಂಟ್ ಹೊರುವಂತೆ ಮಾಡುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ನನ್ನ ಮೇಜಿಗೆ ಬರುವ ಸುಟ್ಟ ಬೋರ್ಡ್‌ಗಳಲ್ಲಿ ಹೆಚ್ಚಿನವು ಒಂದೇ ಕಥೆ ಹೇಳುತ್ತವೆ. ಮಾನಿಟರ್‌ನ 12 ವೋಲ್ಟ್ ಲೈನಿನಲ್ಲಿ ರೆಗ್ಯುಲೇಟರ್, ಅಂದರೆ ವೋಲ್ಟೇಜ್ ಅನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಬಿಡಿಭಾಗ, ಕಾದು ಕೈಕೊಟ್ಟಿತು. ಅದನ್ನು ತೆಗೆದು, ಹೆಚ್ಚು ಆಂಪಿಯರ್‌ನ ಇನ್ನೊಂದನ್ನು ಅದೇ ತೂತುಗಳಿಗೆ ಬೆಸೆದರು. ಮೇಜಿನ ಮೇಲೆ ಒಂದು ಗಂಟೆ ಚಿತ್ರ ಚೆನ್ನಾಗಿಯೇ ಬಂತು. ಕ್ಯಾಬಿನೆಟ್ ಒಳಗೆ ಕೂರಿಸಿ ಹಿಂಬಾಗಿಲು ಹಾಕಿದ ಮೇಲೆ, ಎರಡನೆಯ ದಿನ ಸಂಜೆಯ ಹೊತ್ತಿಗೆ, ಚಿತ್ರದ ಅಂಚು ನಡುಗಲು ತೊಡಗಿತು. ವಾರದೊಳಗೆ ಹೊಸ ರೆಗ್ಯುಲೇಟರ್ ಕೂಡ ಸತ್ತಿತು.

ತಪ್ಪು ಆ ಬಿಡಿಭಾಗದ್ದಲ್ಲ, ಕೆಲಸದ ಕ್ರಮದ್ದು. ಓವರ್‌ಹೆಡ್ ಟ್ಯಾಂಕ್‌ನಲ್ಲಿ ನೀರಿಲ್ಲದಿದ್ದರೆ ನಲ್ಲಿಯ ಬಾಯಿ ದೊಡ್ಡದು ಮಾಡಿ ಪ್ರಯೋಜನವಿಲ್ಲ. ರೆಗ್ಯುಲೇಟರ್ ವಿದ್ಯುತ್ ಪೂರೈಸುವ ಸರಪಳಿಯ ಕೊನೆಯ ಕೊಂಡಿ. ಅದರ ಹಿಂದೆ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್‌ಗಳ ಜೋಡಣೆ), ಫಿಲ್ಟರ್ ಕೆಪ್ಯಾಸಿಟರ್ (ಆ ಡಿಸಿಯನ್ನು ತುಂಬಿಟ್ಟುಕೊಂಡು ಸಮ ಮಾಡುವುದು) ಇವೆ, ಮುಂದೆ ಲೋಡ್, ಅಂದರೆ ಕರೆಂಟ್ ಎಳೆಯುವ ಮಾನಿಟರ್ ಬೋರ್ಡ್ ಇದೆ. ಈ ಎಲ್ಲವನ್ನೂ ಅಳೆದ ನಂತರವೇ ಅದನ್ನು ಮುಟ್ಟಬೇಕು. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ, ಒಂದನ್ನೂ ಹಾರಿಸಬೇಡಿ.

## ಕೈ ಹಾಕುವ ಮೊದಲು

ಪಿಕ್ಚರ್ ಟ್ಯೂಬಿನ ಆನೋಡ್‌ನಲ್ಲಿ ಬಣ್ಣದ ಮಾನಿಟರ್‌ಗಳಲ್ಲಿ 20 ಸಾವಿರ ವೋಲ್ಟ್‌ಗೂ ಮೇಲ್ಪಟ್ಟ ಒತ್ತಡ ಇರಬಹುದು. ಪ್ಲಗ್ ಕಿತ್ತ ಮೇಲೂ ಟ್ಯೂಬ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಉದ್ದ ಹಿಡಿಯ ಸ್ಕ್ರೂಡ್ರೈವರ್‌ಗೆ ಒಂದು ತಂತಿ ಸಿಕ್ಕಿಸಿ, ತಂತಿಯ ಇನ್ನೊಂದು ತುದಿಯನ್ನು ಟ್ಯೂಬಿನ ಹೊರಮೈಯನ್ನು ತಬ್ಬಿರುವ ಹೆಣೆದ ಅರ್ಥ್ ತಂತಿಗೆ ಕಚ್ಚಿಸಿ, ಒಂದೇ ಕೈಯಿಂದ ಆನೋಡ್ ಟೋಪಿಯ ಕೆಳಗೆ ತೂರಿಸಿ ಡಿಸ್ಚಾರ್ಜ್ ಮಾಡಿ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿ. ಗಾಜು ಉಳಿದ ಚಾರ್ಜ್ ಅನ್ನು ನಿಧಾನವಾಗಿ ಮರಳಿ ಕೊಡುತ್ತದೆ. ಎರಡನೆಯ ಸಲದ ಡಿಸ್ಚಾರ್ಜ್ ಬಿಟ್ಟರೆ ಶಾಕ್ ತಿನ್ನಬೇಕಾದೀತು. ಮುಖ್ಯ ಫಿಲ್ಟರ್ ಕೆಪ್ಯಾಸಿಟರ್ ಕೂಡ ಖಾಲಿಯಾಗಿದೆಯೇ ಎಂದು ಮೀಟರ್ ಇಟ್ಟು ನೋಡಿ.

ಎರಡನೆಯ ವಿಷಯ ಬೆಂಗಳೂರಿನವರು ವಿಶೇಷವಾಗಿ ಗಮನಿಸಬೇಕಾದದ್ದು. ಅಮೆರಿಕದ ಕಡಿಮೆ ವೋಲ್ಟೇಜ್‌ಗೆ ಮಾಡಿದ ಎಲೆಕ್ಟ್ರೋಹೋಮ್ ಜಿ07, ವೆಲ್ಸ್ ಗಾರ್ಡ್ನರ್ ಕೆ7000 ಮುಂತಾದ ಮಾನಿಟರ್‌ಗಳ ಚಾಸಿ (ಲೋಹದ ಚೌಕಟ್ಟು ಮತ್ತು ಬೋರ್ಡ್) ಮೇನ್ಸ್‌ನಿಂದ, ಅಂದರೆ ಗೋಡೆಯ ವಿದ್ಯುತ್ತಿನಿಂದ, ಬೇರ್ಪಟ್ಟಿಲ್ಲ. ಅವು ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಕೆಲಸ ಮಾಡಬೇಕು. ಇಲ್ಲಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 230ರಿಂದ 110 ವೋಲ್ಟ್ ಕನ್ವರ್ಟರ್‌ಗಳಲ್ಲಿ ಬಹುಪಾಲು ಆಟೋ ಟ್ರಾನ್ಸ್‌ಫಾರ್ಮರ್‌ಗಳು. ಅವು ವೋಲ್ಟೇಜ್ ಇಳಿಸುತ್ತವೆ, ಬೇರ್ಪಡಿಸುವುದಿಲ್ಲ. ಪರೀಕ್ಷೆ ಸುಲಭ: ಪ್ಲಗ್ ಕಿತ್ತು, ಒಳಬರುವ ಪಿನ್ ಮತ್ತು ಹೊರಹೋಗುವ ಸಾಕೆಟ್ ನಡುವೆ ಓಮ್ ಅಳೆಯಿರಿ. ಕೆಲವೇ ಓಮ್ ತೋರಿದರೆ ಅದು ಆಟೋ ಟ್ರಾನ್ಸ್‌ಫಾರ್ಮರ್. ಅದನ್ನು ಪಕ್ಕಕ್ಕಿಡಿ.

ಒಬ್ಬರೇ ಇರುವಾಗ ಈ ಕೆಲಸ ಮಾಡಬೇಡಿ. ಮನೆಯಲ್ಲಿ ಇನ್ನೊಬ್ಬರು ಎಚ್ಚರವಾಗಿರಲಿ, ಮೇನ್ ಸ್ವಿಚ್ ಎಲ್ಲಿದೆ ಎಂದು ಅವರಿಗೆ ತಿಳಿದಿರಲಿ. ಹಳೆಯ ಮನೆಯಾದರೆ ಸಾಕೆಟ್‌ನ ಅರ್ಥ್ ನಿಜವಾಗಿ ನೆಲ ಮುಟ್ಟಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಮೊದಲೇ ನೋಡಿಸಿಕೊಳ್ಳಿ.

## ಬೇಕಾಗುವ ಸಾಮಗ್ರಿ

ಅಳೆಯಲು: ಡಿಜಿಟಲ್ ಮಲ್ಟಿಮೀಟರ್ (ಎರಡಿದ್ದರೆ ಉತ್ತಮ), ಶಾಖ ಅಳೆಯುವ ಥರ್ಮೋಕಪಲ್ ತಂತಿ, 0.1 ಓಮ್ 5 ವ್ಯಾಟ್ ವೈರ್‌ವೌಂಡ್ ರೆಸಿಸ್ಟರ್, 1 ಮೈಕ್ರೊಫ್ಯಾರಡ್ 250 ವೋಲ್ಟ್ ಪಾಲಿಯೆಸ್ಟರ್ ಕೆಪ್ಯಾಸಿಟರ್. ಆಸಿಲೋಸ್ಕೋಪ್ ಇದ್ದರೆ ಸರಿ, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಸಾಧ್ಯವಾದರೆ ಒಂದು ವೇರಿಯಾಕ್ (ಮೇನ್ಸ್ ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಎರವಲು ತನ್ನಿ.

ಜೋಡಿಸಲು: 7812 (12 ವೋಲ್ಟ್ ರೆಗ್ಯುಲೇಟರ್), ಎಂಜೆ2955 ಮತ್ತು ಟಿಐಪಿ42 ಪವರ್ ಟ್ರಾನ್ಸಿಸ್ಟರ್‌ಗಳು, 3.3 ಓಮ್ 2 ವ್ಯಾಟ್ ಮತ್ತು 0.27 ಓಮ್ 5 ವ್ಯಾಟ್ ರೆಸಿಸ್ಟರ್‌ಗಳು, ದೊಡ್ಡ ಹೀಟ್ ಸಿಂಕ್ (ಶಾಖ ಹೊರಹಾಕುವ ಗರಿಗಳ ಲೋಹ), ಅಭ್ರಕದ ಹಾಳೆ, ಪ್ಲಾಸ್ಟಿಕ್ ಬುಶ್, ಬಿಳಿ ಹೀಟ್ ಸಿಂಕ್ ಪೇಸ್ಟ್, 10 ಆಂಪಿಯರ್ ಬ್ರಿಡ್ಜ್, 10,000 ಮೈಕ್ರೊಫ್ಯಾರಡ್ 35 ವೋಲ್ಟ್ 105 ಡಿಗ್ರಿಯ ಕೆಪ್ಯಾಸಿಟರ್, 3.15 ಆಂಪಿಯರ್ ಫ್ಯೂಸ್, 90 ಡಿಗ್ರಿಗೆ ತೆರೆದುಕೊಳ್ಳುವ ಥರ್ಮಲ್ ಸ್ವಿಚ್. ಇವೆಲ್ಲ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುವಂಥವು. ಲೋಡ್ ಪರೀಕ್ಷೆಗೆ ಜೆ.ಸಿ. ರಸ್ತೆಯ ಆಟೋಮೊಬೈಲ್ ಅಂಗಡಿಯಿಂದ 12 ವೋಲ್ಟ್‌ನ 21 ವ್ಯಾಟ್ ಬ್ರೇಕ್ ಬಲ್ಬ್ ಒಂದು, 5 ವ್ಯಾಟ್ ಪಾರ್ಕಿಂಗ್ ಬಲ್ಬ್ ಒಂದು, ಹೋಲ್ಡರ್ ಸಮೇತ ತನ್ನಿ.

ಪವರ್ ಟ್ರಾನ್ಸಿಸ್ಟರ್‌ಗಳಲ್ಲಿ ನಕಲಿ ಮಾಲು ಬಹಳ. ಹೊರಗಿನ ಕವಚ ದೊಡ್ಡದು, ಒಳಗಿನ ಚಿಪ್ ಪುಟ್ಟದು. ಎರಡು ಹೆಚ್ಚಿಗೆ ಕೊಂಡು ತನ್ನಿ. ಏಳನೆಯ ಹಂತದ ಬಲ್ಬ್ ಪರೀಕ್ಷೆ ನಕಲಿಯನ್ನು ಮಾನಿಟರ್‌ಗೆ ಮುಟ್ಟುವ ಮೊದಲೇ ಬಯಲು ಮಾಡುತ್ತದೆ.

## 1. ಮಾನಿಟರ್ ನಿಜವಾಗಿ ಎಷ್ಟು ಎಳೆಯುತ್ತಿದೆ?

ರೆಗ್ಯುಲೇಟರ್‌ನ ಔಟ್‌ಪುಟ್ ಮತ್ತು ಮಾನಿಟರ್ ಬೋರ್ಡ್ ನಡುವೆ 0.1 ಓಮ್ ರೆಸಿಸ್ಟರ್ ಸೇರಿಸಿ, ಅದರ ಎರಡು ತುದಿಯಲ್ಲಿ ಮಿಲಿವೋಲ್ಟ್ ಅಳೆಯಿರಿ. 100 ಮಿಲಿವೋಲ್ಟ್ ಎಂದರೆ 1 ಆಂಪಿಯರ್. ಮೀಟರ್‌ನ ಆಂಪಿಯರ್ ಸಾಕೆಟ್ ಬಳಸುವುದಕ್ಕಿಂತ ಇದು ಸುರಕ್ಷಿತ, ಚಿತ್ರ ಓಡುತ್ತಿರುವಾಗಲೇ ನೋಡುತ್ತಾ ಕೂರಬಹುದು.

ಆನ್ ಮಾಡಿದ ಕೂಡಲೇ, ಹತ್ತು ನಿಮಿಷಕ್ಕೆ, ಒಂದು ಗಂಟೆಗೆ ಹೀಗೆ ಮೂರು ಸಲ ಬರೆದುಕೊಳ್ಳಿ. ನಂತರ ಸರ್ವಿಸ್ ಮ್ಯಾನುಯಲ್‌ನಲ್ಲಿ ಅಥವಾ ಚಾಸಿಯ ಚೀಟಿಯಲ್ಲಿ ಇರುವ ಅಂಕಿಯೊಂದಿಗೆ ಹೋಲಿಸಿ. 1.2 ಆಂಪಿಯರ್ ಎಳೆಯಬೇಕಾದ ಮಾನಿಟರ್ 1.9 ಎಳೆಯುತ್ತಿದ್ದರೆ ನಿಮಗೆ ಬೇಕಿರುವುದು ದೊಡ್ಡ ರೆಗ್ಯುಲೇಟರ್ ಅಲ್ಲ. ಒಣಗಿದ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್, ಸೋರುವ ಹಾರಿಝಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ (ಚಿತ್ರದ ಅಡ್ಡಗೆರೆ ಎಳೆಯುವುದು), ಒಳಗೆ ಸುತ್ತುಗಳು ಸೇರಿಕೊಂಡ ಎಲ್‌ಒಟಿ (ಆನೋಡ್‌ಗೆ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಇವುಗಳಲ್ಲಿ ಒಂದು ಅಲ್ಲಿ ಕುಳಿತಿದೆ. ರೆಗ್ಯುಲೇಟರ್ ಸಾಯುವ ಮೂಲಕ ನಿಮಗೆ ಸುದ್ದಿ ಕೊಡುತ್ತಿತ್ತು. ಅಲ್ಲಿ ಶಕ್ತಿ ಹೆಚ್ಚಿಸಿದರೆ ಮುಂದೆ ಸುಡುವುದು ಎಲ್‌ಒಟಿ, ಅದು ಮತ್ತೆ ಸಿಗುವುದು ಕಷ್ಟ.

ಕರೆಂಟ್ ಗಂಟೆಯಿಂದ ಗಂಟೆಗೆ ಏರುತ್ತಿದ್ದರೂ ಅದೇ ಅರ್ಥ. ಮೊದಲು ಆ ದೋಷ ತೆಗೆಯಿರಿ.

ಶಕ್ತಿ ಹೆಚ್ಚಿಸಲು ನ್ಯಾಯವಾದ ಕಾರಣಗಳು ಕೆಲವೇ: ಲೋಡ್ ಸರಿಯಾಗಿದ್ದೂ ಮೂಲ ರೆಗ್ಯುಲೇಟರ್ ತನ್ನ ಮಿತಿಯ ಅಂಚಿನಲ್ಲೇ ದುಡಿಯುತ್ತಿರುವುದು, ಅದೇ ಲೈನಿನಿಂದ ಆಡಿಯೊ ಆಂಪ್ಲಿಫೈಯರ್ ಅಥವಾ ಫ್ಯಾನ್ ಕೂಡ ನಡೆಯುತ್ತಿರುವುದು, ಮೂಲ ಬಿಡಿಭಾಗ ಈಗ ಸಿಗದಿರುವುದು. ಈ ಮೂರರಲ್ಲಿ ಯಾವುದೂ ನಿಮಗೆ ಅನ್ವಯಿಸದಿದ್ದರೆ ಇಲ್ಲಿಗೇ ನಿಲ್ಲಿಸಿ.

ಇನ್ನೊಂದು ಸಣ್ಣ ಪರೀಕ್ಷೆ. ವೋಲ್ಟೇಜ್ ಅನ್ನು ರೆಗ್ಯುಲೇಟರ್ ಕಾಲಿನಲ್ಲಿ ಒಮ್ಮೆ, ಮಾನಿಟರ್ ಬೋರ್ಡ್‌ನ ಕನೆಕ್ಟರ್ ಪಿನ್‌ನಲ್ಲಿ ಒಮ್ಮೆ ಅಳೆಯಿರಿ. ಅಲ್ಲಿ 12.0, ಇಲ್ಲಿ 11.3 ಇದ್ದರೆ ಅಪರಾಧಿ ಕಂದು ಬಣ್ಣಕ್ಕೆ ತಿರುಗಿದ ಕನೆಕ್ಟರ್. ಪಿನ್ ಮತ್ತು ಪ್ಲಾಸ್ಟಿಕ್ ಎರಡನ್ನೂ ಬದಲಿಸಿ. ಈ ಒಂದೇ ಕೆಲಸದಿಂದ ಸರಿಹೋದ ಮಾನಿಟರ್‌ಗಳನ್ನು ಸಾಕಷ್ಟು ನೋಡಿದ್ದೇನೆ.

## 2. ರಿಪಲ್‌ನ ತಗ್ಗು ಅಳೆಯುವುದು

ಎಲ್ಲರೂ ಬಿಡುವ ಹಂತ ಇದು. ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳವೂ ಇದೇ.

ಬ್ರಿಡ್ಜ್ ದಾಟಿದ ಡಿಸಿ ಸಮತಟ್ಟಾಗಿರುವುದಿಲ್ಲ. ಕೆಪ್ಯಾಸಿಟರ್ ತುಂಬಿದಾಗ ಏರಿ, ಮುಂದಿನ ಸಲ ತುಂಬುವವರೆಗೆ ಇಳಿಯುತ್ತಾ ಗರಗಸದ ಹಲ್ಲಿನಂತೆ ಓಡುತ್ತದೆ. ಈ ಏರಿಳಿತವೇ ರಿಪಲ್. ರೆಗ್ಯುಲೇಟರ್‌ಗೆ ಸರಾಸರಿ ವೋಲ್ಟೇಜ್ ಮುಖ್ಯವಲ್ಲ. ಆ ಹಲ್ಲಿನ ಅತ್ಯಂತ ಕೆಳಗಿನ ತುದಿ, ಅಂದರೆ ತಗ್ಗು, ಅದರ ಅಗತ್ಯಕ್ಕಿಂತ ಕೆಳಗಿಳಿದರೆ ಆ ಕ್ಷಣಕ್ಕೆ ಅದು ರೆಗ್ಯುಲೇಟರ್ ಆಗಿ ಉಳಿಯುವುದಿಲ್ಲ.

ಅಮೆರಿಕದಲ್ಲಿ ಮೇನ್ಸ್ 60 ಹರ್ಟ್ಸ್, ಇಲ್ಲಿ 50. ಎರಡು ತುಂಬುವಿಕೆಗಳ ನಡುವಿನ ಅವಧಿ ಅಲ್ಲಿ 8.3 ಮಿಲಿಸೆಕೆಂಡ್, ಇಲ್ಲಿ 10. ಅದೇ ಕೆಪ್ಯಾಸಿಟರ್, ಅದೇ ಲೋಡ್ ಇದ್ದರೂ ಬೆಂಗಳೂರಿನಲ್ಲಿ ತಗ್ಗು ಸುಮಾರು ಐದನೆಯ ಒಂದು ಪಾಲು ಹೆಚ್ಚು ಆಳ. ಕಾರ್ಖಾನೆಯಲ್ಲಿ ಅಂಚಿನವರೆಗೂ ಲೆಕ್ಕ ಹಾಕಿ ಮಾಡಿದ ಸರ್ಕ್ಯೂಟ್ ಇಲ್ಲಿ ಆ ಅಂಚಿನಿಂದ ಕೆಳಗೆ ಬೀಳುತ್ತದೆ. 60 ಹರ್ಟ್ಸ್‌ಗೆ ಮಾತ್ರ ಸುತ್ತಿದ ಟ್ರಾನ್ಸ್‌ಫಾರ್ಮರ್ ಕೂಡ 50 ಹರ್ಟ್ಸ್‌ನಲ್ಲಿ ಹೆಚ್ಚು ಕಾಯುತ್ತದೆ, ಏಕೆಂದರೆ ಅದರ ಕಬ್ಬಿಣದ ಮೇಲೆ ಬೀಳುವ ಕಾಂತೀಯ ಹೊರೆ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ.

ಆಸಿಲೋಸ್ಕೋಪ್ ಇಲ್ಲದೆ ತಗ್ಗು ಕಂಡುಹಿಡಿಯುವುದು ಹೀಗೆ. ಲೋಡ್ ಓಡುತ್ತಿರುವಾಗ ಫಿಲ್ಟರ್ ಕೆಪ್ಯಾಸಿಟರ್ ಮೇಲೆ ಡಿಸಿ ಅಳೆಯಿರಿ. ನಂತರ ಮೀಟರ್ ತಂತಿಗೆ 1 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಸರಣಿಯಲ್ಲಿ ಸೇರಿಸಿ, ಅದೇ ಜಾಗದಲ್ಲಿ ಎಸಿ ಅಳೆಯಿರಿ. ಎಸಿ ಅಂಕಿಯನ್ನು 1.7ರಿಂದ ಗುಣಿಸಿ ಡಿಸಿ ಅಂಕಿಯಿಂದ ಕಳೆಯಿರಿ. ಡಿಸಿ 17.5, ಎಸಿ 1.0 ಇದ್ದರೆ ತಗ್ಗು 15.8 ವೋಲ್ಟ್.

ಸಾದಾ 7812ಕ್ಕೆ ತಗ್ಗು 14 ವೋಲ್ಟ್‌ಗಿಂತ ಮೇಲಿರಬೇಕು. ನಾವು ಮುಂದೆ ಮಾಡಲಿರುವ ಜೋಡಣೆಗೆ 15.5 ಬೇಕು. ಈ ವ್ಯತ್ಯಾಸ ತಿಳಿಯದೆ ಟ್ರಾನ್ಸಿಸ್ಟರ್ ಸೇರಿಸಿದವರ ಮಾನಿಟರ್ ಮೊದಲಿಗಿಂತ ಕೆಟ್ಟದಾಗಿ ನಡುಗುತ್ತದೆ.

ಅಳತೆಯನ್ನು ಮಧ್ಯಾಹ್ನ ಒಮ್ಮೆ, ಸಂಜೆ ಏಳರ ಮೇಲೆ ಒಮ್ಮೆ ಮಾಡಿ. ನಿಮ್ಮ ಬೀದಿಯ ವೋಲ್ಟೇಜ್ ಎರಡು ಹೊತ್ತಿನಲ್ಲೂ ಒಂದೇ ಆಗಿರುತ್ತದೆ ಎಂದು ನಂಬಬೇಡಿ.

## 3. ಹಿಂದಿನ ಸರಪಳಿಯನ್ನು ಬಲಪಡಿಸುವುದು

ಈ ಮಾರ್ಗದರ್ಶಿಯಲ್ಲಿ ಗುರಿ 12 ವೋಲ್ಟ್, 2 ಆಂಪಿಯರ್ ಎಂದಿಟ್ಟುಕೊಳ್ಳೋಣ. ಮೇನ್ಸ್ 200ರಿಂದ 250 ವೋಲ್ಟ್‌ವರೆಗೆ ಓಡಾಡಬಹುದು ಎಂದು ಲೆಕ್ಕ ಹಾಕೋಣ.

10,000 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ 2 ಆಂಪಿಯರ್ ಲೋಡಿಗೆ ಸುಮಾರು 1.6 ವೋಲ್ಟ್ ರಿಪಲ್ ಕೊಡುತ್ತದೆ. 4,700 ಮೈಕ್ರೊಫ್ಯಾರಡ್ ಆದರೆ 3.4 ವೋಲ್ಟ್. ಟ್ರಾನ್ಸ್‌ಫಾರ್ಮರ್ ಲೋಡಿನಲ್ಲಿ 16 ವೋಲ್ಟ್ ಎಸಿ ಕೊಡುವಂಥದ್ದಾದರೆ, ಮೇನ್ಸ್ 200ಕ್ಕೆ ಇಳಿದಾಗ ಅದು 13.9 ಆಗುತ್ತದೆ. ಅದರ ಶಿಖರ 19.7. ಬ್ರಿಡ್ಜ್‌ನಲ್ಲಿ 2 ವೋಲ್ಟ್, ರಿಪಲ್‌ನಲ್ಲಿ 1.6 ಹೋದರೆ ತಗ್ಗು 16.1ರಲ್ಲಿ ನಿಲ್ಲುತ್ತದೆ. ನಮಗೆ ಬೇಕಾದದ್ದು 15.5. ಸಾಕು. 15 ವೋಲ್ಟ್ ಟ್ರಾನ್ಸ್‌ಫಾರ್ಮರ್ ಆಗಿದ್ದರೆ ತಗ್ಗು 14.8ಕ್ಕೆ ಇಳಿದು ಕೆಲಸ ಕೆಡುತ್ತಿತ್ತು. 18 ವೋಲ್ಟ್‌ನದ್ದು ಹಾಕಿದರೆ ತಗ್ಗಿನ ಚಿಂತೆ ಇಲ್ಲ, ಆದರೆ ಮೇನ್ಸ್ 250 ಇದ್ದಾಗ ಹೆಚ್ಚುವರಿ ವೋಲ್ಟೇಜ್ ಎಲ್ಲ ಶಾಖವಾಗುತ್ತದೆ.

ಟ್ರಾನ್ಸ್‌ಫಾರ್ಮರ್‌ನ ಆಂಪಿಯರ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕೆಪ್ಯಾಸಿಟರ್ ತುಂಬುವುದು ಚಿಕ್ಕ ಚಿಕ್ಕ ಜೋರು ಗುಟುಕುಗಳಲ್ಲಿ. ಆದ್ದರಿಂದ 2 ಆಂಪಿಯರ್ ಡಿಸಿ ಬೇಕಾದರೆ ಸೆಕೆಂಡರಿ 3.5 ಆಂಪಿಯರ್‌ನದಾಗಿರಬೇಕು. ವೈಂಡಿಂಗ್ ಅಂಗಡಿಯಲ್ಲಿ ಹೇಳುವಾಗ ‘ಪ್ರೈಮರಿ 230, 50 ಹರ್ಟ್ಸ್, ಸೆಕೆಂಡರಿ ಲೋಡಿನಲ್ಲಿ 16 ವೋಲ್ಟ್, 3.5 ಆಂಪಿಯರ್, ಪ್ರೈಮರಿ ಸೆಕೆಂಡರಿ ಬೇರೆ ಬೇರೆ’ ಎಂದು ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ.

ಬ್ರಿಡ್ಜ್ ಅನ್ನು ಲೋಹದ ತಟ್ಟೆಗೆ ಸ್ಕ್ರೂ ಹಾಕಿ ಕೂರಿಸಿ. ಹಳೆಯ ಫಿಲ್ಟರ್ ಕೆಪ್ಯಾಸಿಟರ್ ನೋಡಲು ಚೆನ್ನಾಗಿದ್ದರೂ ಉಳಿಸಿಕೊಳ್ಳಬೇಡಿ.

## 4. ಯಾವ ದಾರಿ?

ಮೂರು ದಾರಿಗಳಿವೆ.

ನಿಮ್ಮ ಬೋರ್ಡ್‌ನಲ್ಲಿ ಮೂರು ಕಾಲಿನ 7812 ಇದ್ದು, ಜಾಗವೂ ಕಡಿಮೆಯಿದ್ದರೆ 3 ಆಂಪಿಯರ್‌ನ ಎಲ್‌ಎಂ350 ಸಾಕು. ಔಟ್‌ಪುಟ್‌ನಿಂದ ಅಡ್ಜಸ್ಟ್ ಕಾಲಿಗೆ 120 ಓಮ್, ಅಡ್ಜಸ್ಟ್‌ನಿಂದ ಗ್ರೌಂಡ್‌ಗೆ 1 ಕಿಲೊಓಮ್ ಮತ್ತು 33 ಓಮ್ ಸರಣಿಯಲ್ಲಿ ಹಾಕಿದರೆ 12 ವೋಲ್ಟ್ ಬರುತ್ತದೆ. ಇಲ್ಲಿನ ಹಳ್ಳ ಏನೆಂದರೆ ಕಾಲುಗಳ ಕ್ರಮ. 7812ರಲ್ಲಿ ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. ಎಲ್‌ಎಂ350ರಲ್ಲಿ ಅಡ್ಜಸ್ಟ್, ಔಟ್‌ಪುಟ್, ಇನ್‌ಪುಟ್. ಹಳೆಯ ತೂತಿಗೆ ನೇರವಾಗಿ ಇಳಿಸಿದರೆ ಅನಾಹುತ.

ಮೂಲ ಸರ್ಕ್ಯೂಟ್‌ನಲ್ಲೇ 2ಎನ್3055 ತರಹದ ಪಾಸ್ ಟ್ರಾನ್ಸಿಸ್ಟರ್ (ಲೋಡಿನ ಕರೆಂಟ್ ಹಾಯುವುದು ಇದರ ಮೂಲಕ), ಝೆನರ್ (ಅಳತೆಯ ವೋಲ್ಟೇಜ್ ಕೊಡುವ ಡಯೋಡ್), ಡ್ರೈವರ್ (ಪಾಸ್ ಟ್ರಾನ್ಸಿಸ್ಟರ್ ಅನ್ನು ನಡೆಸುವ ಚಿಕ್ಕ ಟ್ರಾನ್ಸಿಸ್ಟರ್) ಇದ್ದರೆ ಪಾಸ್ ಟ್ರಾನ್ಸಿಸ್ಟರ್‌ಗೆ ಇನ್ನೊಂದನ್ನು ಸಮಾಂತರವಾಗಿ ಸೇರಿಸಬಹುದು. ಆದರೆ ಪ್ರತಿಯೊಂದರ ಎಮಿಟರ್‌ಗೂ (ಟ್ರಾನ್ಸಿಸ್ಟರ್‌ನ ಮೂರು ತುದಿಗಳು ಎಮಿಟರ್, ಬೇಸ್, ಕಲೆಕ್ಟರ್) ತನ್ನದೇ 0.22 ಓಮ್ ರೆಸಿಸ್ಟರ್ ಇರಲೇಬೇಕು. ಇಲ್ಲದಿದ್ದರೆ ತುಸು ಹೆಚ್ಚು ಕಾದ ಟ್ರಾನ್ಸಿಸ್ಟರ್ ಇನ್ನಷ್ಟು ಕರೆಂಟ್ ಎಳೆದು ಇನ್ನಷ್ಟು ಕಾಯುತ್ತದೆ. ಕೊನೆಗೆ ಹೊರೆಯೆಲ್ಲ ಒಂದರದ್ದೇ. ಎರಡೂ ಒಂದೇ ಕಂಪನಿಯ, ಒಂದೇ ಹೀಟ್ ಸಿಂಕ್ ಮೇಲಿನವಾಗಿರಲಿ. ವೋಲ್ಟೇಜ್ ನೋಡಿ ತಿದ್ದುವ ತಂತಿ ಈ ರೆಸಿಸ್ಟರ್‌ಗಳನ್ನು ದಾಟಿದ ಬಿಂದುವಿನಿಂದ ಹೊರಡಲಿ. ಡ್ರೈವರ್ ಟ್ರಾನ್ಸಿಸ್ಟರ್ ಕೂಡ ಈಗ ಹೆಚ್ಚು ಬೇಸ್ ಕರೆಂಟ್ ಕೊಡಬೇಕು. ಅದು ಎಷ್ಟು ಕಾಯುತ್ತದೆ ಎಂದು ನೋಡದೆ ಮುಂದೆ ಹೋಗಬೇಡಿ.

ಮೂರನೆಯದು, 7812ರ ಪಕ್ಕದಲ್ಲಿ ಎಂಜೆ2955 ನಿಲ್ಲಿಸುವುದು. ದುಡಿಯುವುದು ಟ್ರಾನ್ಸಿಸ್ಟರ್, ಅಳತೆ ಕಾಯುವುದು 7812. ನಾನು ಇದನ್ನೇ ಶಿಫಾರಸು ಮಾಡುತ್ತೇನೆ. ಬಿಡಿಭಾಗಗಳು ಅಗ್ಗ, ಎಲ್ಲೆಡೆ ಸಿಗುತ್ತವೆ, ಶಾಖ ದೊಡ್ಡ ಲೋಹದ ಕವಚಕ್ಕೆ ಹೋಗುತ್ತದೆ.

## 5. ಜೋಡಣೆ

ಫಿಲ್ಟರ್ ಕೆಪ್ಯಾಸಿಟರ್‌ನ ಧನ ತುದಿಯಿಂದ ಫ್ಯೂಸ್ ದಾಟಿ ಬರುವ ಬಿಂದುವನ್ನು ‘ಕಚ್ಚಾ ಲೈನ್’ ಎನ್ನೋಣ.

ಕಚ್ಚಾ ಲೈನಿನಿಂದ 3.3 ಓಮ್ ರೆಸಿಸ್ಟರ್ ಮೂಲಕ 7812ರ ಇನ್‌ಪುಟ್‌ಗೆ. ಅದೇ ಇನ್‌ಪುಟ್ ಕಾಲಿಗೆ ಎಂಜೆ2955ರ ಬೇಸ್. ಕಚ್ಚಾ ಲೈನಿನಿಂದ 0.27 ಓಮ್ ಮೂಲಕ ಎಂಜೆ2955ರ ಎಮಿಟರ್‌ಗೆ. ಅದರ ಕಲೆಕ್ಟರ್, ಅಂದರೆ ಕವಚ, ನೇರವಾಗಿ 12 ವೋಲ್ಟ್ ಔಟ್‌ಪುಟ್‌ಗೆ. ಇನ್ನು ಟಿಐಪಿ42: ಎಮಿಟರ್ ಕಚ್ಚಾ ಲೈನಿಗೆ, ಬೇಸ್ ಎಂಜೆ2955ರ ಎಮಿಟರ್‌ಗೆ, ಕಲೆಕ್ಟರ್ 7812ರ ಇನ್‌ಪುಟ್‌ಗೆ.

ಕೆಲಸ ಹೀಗೆ ನಡೆಯುತ್ತದೆ. 7812 ಎಳೆಯುವ ಕರೆಂಟ್ 0.2 ಆಂಪಿಯರ್ ದಾಟುತ್ತಲೇ 3.3 ಓಮ್ ಮೇಲೆ 0.7 ವೋಲ್ಟ್ ಬಿದ್ದು ದೊಡ್ಡ ಟ್ರಾನ್ಸಿಸ್ಟರ್ ತೆರೆಯುತ್ತದೆ. ಒಟ್ಟು 2 ಆಂಪಿಯರ್ ಹರಿಯುವಾಗ ಸುಮಾರು 1.6 ಟ್ರಾನ್ಸಿಸ್ಟರ್ ಮೂಲಕ, 0.4 ಮಾತ್ರ 7812 ಮೂಲಕ ಹೋಗುತ್ತದೆ. ಟ್ರಾನ್ಸಿಸ್ಟರ್‌ನ ಪಾಲು 2.6 ಆಂಪಿಯರ್ ಮುಟ್ಟಿದಾಗ 0.27 ಓಮ್ ಮೇಲೆ 0.7 ವೋಲ್ಟ್ ಬಿದ್ದು ಟಿಐಪಿ42 ಎಚ್ಚರಗೊಂಡು ದೊಡ್ಡದನ್ನು ತಡೆಯುತ್ತದೆ.

ಟಿಐಪಿ42 ಅನ್ನು ಅನಗತ್ಯವೆಂದು ಬಿಡುವವರು ಹಲವರು. 7812ರ ಒಳಗೆ ಶಾರ್ಟ್ ರಕ್ಷಣೆ ಇದೆಯಲ್ಲ ಎಂದು ಅವರ ವಾದ. ಆ ರಕ್ಷಣೆ 7812ಕ್ಕೆ ಮಾತ್ರ, ಪಕ್ಕದಲ್ಲಿ ನಿಂತ ಟ್ರಾನ್ಸಿಸ್ಟರ್‌ಗಲ್ಲ. ಇನ್ನು ಕೆಲವರು ಆ ಜಾಗಕ್ಕೆ ಬಿಸಿ557 ನಂಥ ಪುಟ್ಟ ಟ್ರಾನ್ಸಿಸ್ಟರ್ ಹಾಕುತ್ತಾರೆ. ತಡೆಯುವ ಹೊತ್ತಿನಲ್ಲಿ 7812ರ ಪೂರ್ತಿ ಕರೆಂಟ್ ಅದರ ಮೂಲಕವೇ ಹಾದುಹೋಗಬೇಕು. ಪುಟ್ಟದು ಒಡೆದುಹೋಗುತ್ತದೆ.

7812ರ ಇನ್‌ಪುಟ್‌ನಿಂದ ಗ್ರೌಂಡ್‌ಗೆ 0.33 ಮೈಕ್ರೊಫ್ಯಾರಡ್, ಔಟ್‌ಪುಟ್‌ನಿಂದ ಗ್ರೌಂಡ್‌ಗೆ 0.1 ಮತ್ತು 47 ಮೈಕ್ರೊಫ್ಯಾರಡ್, ಕಾಲುಗಳಿಗೆ ಅಂಟಿಕೊಂಡಂತೆ ಹಾಕಿ. ಉದ್ದ ತಂತಿ ಬಿಟ್ಟರೆ ಸರ್ಕ್ಯೂಟ್ ತಾನೇ ಕಂಪಿಸಲು ತೊಡಗುತ್ತದೆ. ಔಟ್‌ಪುಟ್‌ನಿಂದ ಕಚ್ಚಾ ಲೈನಿಗೆ ಒಂದು 1ಎನ್4007 ಡಯೋಡ್, ಅದರ ಬೆಳ್ಳಿ ಗೆರೆ ಕಚ್ಚಾ ಲೈನಿನ ಕಡೆಗೆ ಇರಲಿ. ಗ್ರೌಂಡ್ ತಂತಿಗಳು ಮೊದಲು ಫಿಲ್ಟರ್ ಕೆಪ್ಯಾಸಿಟರ್ ಋಣ ತುದಿಗೆ ಬಂದು, ಅಲ್ಲಿಂದ ಒಂದೊಂದಾಗಿ ಹೊರಡಲಿ.

ಕೊನೆಯದಾಗಿ ಒಂದು ಕಾವಲು. ಎಂಜೆ2955 ಎಂದಾದರೂ ಶಾರ್ಟ್ ಆದರೆ 20 ವೋಲ್ಟ್‌ಗೂ ಮೇಲ್ಪಟ್ಟದ್ದು ನೇರವಾಗಿ ಮಾನಿಟರ್ ಬೋರ್ಡ್‌ಗೆ ನುಗ್ಗುತ್ತದೆ. ಔಟ್‌ಪುಟ್ ಮತ್ತು ಗ್ರೌಂಡ್ ನಡುವೆ ಟಿವೈಎನ್612 ನಂಥ ಎಸ್‌ಸಿಆರ್ (ಗೇಟ್ ಕಾಲಿಗೆ ಕರೆಂಟ್ ಬಂದೊಡನೆ ಆನ್ ಆಗುವ ಸ್ವಿಚ್) ಇಟ್ಟು, ಅದರ ಗೇಟ್‌ಗೆ ಔಟ್‌ಪುಟ್‌ನಿಂದ 13 ವೋಲ್ಟ್ ಝೆನರ್, ಗೇಟ್‌ನಿಂದ ಗ್ರೌಂಡ್‌ಗೆ 100 ಓಮ್ ಮತ್ತು 0.1 ಮೈಕ್ರೊಫ್ಯಾರಡ್ ಹಾಕಿ. ವೋಲ್ಟೇಜ್ 14ರ ಸುತ್ತ ಏರಿದ ಕೂಡಲೇ ಎಸ್‌ಸಿಆರ್ ಲೈನನ್ನು ಶಾರ್ಟ್ ಮಾಡಿ ಫ್ಯೂಸ್ ಹಾರಿಸುತ್ತದೆ. ನಾಲ್ಕು ಬಿಡಿಭಾಗಗಳು ಒಂದು ಮಾನಿಟರ್ ಉಳಿಸುತ್ತವೆ.

## 6. ಶಾಖ

ಮೇನ್ಸ್ 250 ಇದ್ದಾಗ ಕಚ್ಚಾ ಲೈನಿನ ಸರಾಸರಿ 21.8 ವೋಲ್ಟ್. ಅದರಲ್ಲಿ 12 ಕಳೆದು 2 ಆಂಪಿಯರ್‌ನಿಂದ ಗುಣಿಸಿದರೆ ಸುಮಾರು 20 ವ್ಯಾಟ್. ಒಂದು ಚಿಕ್ಕ ಬೆಸುಗೆ ಕಡ್ಡಿಯಷ್ಟು ಶಾಖ. ಏಪ್ರಿಲ್‌ನಲ್ಲಿ ಮುಚ್ಚಿದ ಕ್ಯಾಬಿನೆಟ್ ಒಳಗೆ 45 ಡಿಗ್ರಿ ಎಂದಿಟ್ಟುಕೊಂಡು, ಹೀಟ್ ಸಿಂಕ್ 80 ಡಿಗ್ರಿ ದಾಟಬಾರದೆಂದರೆ ಪ್ರತಿ ವ್ಯಾಟ್‌ಗೆ 1.75 ಡಿಗ್ರಿಯ ಅಥವಾ ಅದಕ್ಕಿಂತ ಉತ್ತಮ ಹೀಟ್ ಸಿಂಕ್ ಬೇಕು. ಅಂಗೈಗಿಂತ ಚಿಕ್ಕದು ಯಾವುದೂ ಇದಕ್ಕೆ ಒದಗುವುದಿಲ್ಲ. ಗರಿಗಳು ನೇರವಾಗಿ ಮೇಲ್ಮುಖವಾಗಿ ನಿಲ್ಲಲಿ, ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗಳಿಂದ ದೂರವಿರಲಿ.

ಕವಚಕ್ಕೆ ಯಾವ ವಿದ್ಯುತ್ ತಗುಲಿದೆ ಎಂದು ನೆನಪಿಟ್ಟುಕೊಳ್ಳಿ. 7812ರ ಲೋಹದ ಬೆನ್ನು ಗ್ರೌಂಡ್. ಎಲ್‌ಎಂ350 ಮತ್ತು ಎಂಜೆ2955ರದ್ದು ಔಟ್‌ಪುಟ್. 2ಎನ್3055 ಪಾಸ್ ಟ್ರಾನ್ಸಿಸ್ಟರ್ ಆಗಿದ್ದರೆ ಅದರ ಕವಚ ಕಚ್ಚಾ ಲೈನ್. 7812 ಮತ್ತು ಎಂಜೆ2955 ಎರಡನ್ನೂ ಅಭ್ರಕವಿಲ್ಲದೆ ಒಂದೇ ಹೀಟ್ ಸಿಂಕ್‌ಗೆ ಬಿಗಿದರೆ ಆ ಕ್ಷಣವೇ ಔಟ್‌ಪುಟ್ ಶಾರ್ಟ್. ಅಭ್ರಕದ ಎರಡೂ ಮೈಗೆ ಪೇಸ್ಟ್ ತೆಳುವಾಗಿ ಸವರಿ. ದಪ್ಪ ಮೆತ್ತಿದರೆ ಶಾಖ ದಾಟುವುದಿಲ್ಲ. ಬಿಗಿದ ಮೇಲೆ ಕವಚ ಮತ್ತು ಹೀಟ್ ಸಿಂಕ್ ನಡುವೆ ಓಮ್ ಅಳೆದು, ಸಂಪರ್ಕ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಥರ್ಮಲ್ ಸ್ವಿಚ್ ಅನ್ನು ಅದೇ ಹೀಟ್ ಸಿಂಕ್‌ಗೆ ತಿರುಗಿಸಿ, ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿ ತಂತಿಯಲ್ಲಿ ಸರಣಿಯಾಗಿ ಸೇರಿಸಿ. ಫ್ಯೂಸ್ ಒಂದೇ ಸಾಲದು, ಏಕೆಂದರೆ ನಮ್ಮ ಮಿತಿ ಸರ್ಕ್ಯೂಟ್ ಶಾರ್ಟ್ ಕರೆಂಟ್ ಅನ್ನು 3 ಆಂಪಿಯರ್ ಸುತ್ತಲೇ ಹಿಡಿದಿಡುತ್ತದೆ. 3.15ರ ಫ್ಯೂಸ್ ಅದನ್ನು ಗಂಟೆಗಟ್ಟಲೆ ಸಹಿಸಿಕೊಳ್ಳುತ್ತದೆ, ಟ್ರಾನ್ಸಿಸ್ಟರ್ ಸಹಿಸುವುದಿಲ್ಲ.

## 7. ಬಲ್ಬ್ ಪರೀಕ್ಷೆ

ಮಾನಿಟರ್ ಇನ್ನೂ ಜೋಡಿಸಬೇಡಿ. ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಗೆ 60 ವ್ಯಾಟ್ ತಂತಿಬಲ್ಬ್ ಸರಣಿಯಲ್ಲಿ ಹಾಕಿ ಮೊದಲ ಸಲ ಆನ್ ಮಾಡಿ. ಬಲ್ಬ್ ಒಮ್ಮೆ ಮಿಂಚಿ ಆರಿದರೆ ಒಳ್ಳೆಯದು. ಪ್ರಖರವಾಗಿ ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ, ಶಾರ್ಟ್ ಹುಡುಕಿ.

ಔಟ್‌ಪುಟ್ 12 ವೋಲ್ಟ್ ಬಂದ ಮೇಲೆ ಸರಣಿ ಬಲ್ಬ್ ತೆಗೆದು 21 ವ್ಯಾಟ್ ಬ್ರೇಕ್ ಬಲ್ಬ್ ಜೋಡಿಸಿ. ಅದು 1.75 ಆಂಪಿಯರ್ ಎಳೆಯುತ್ತದೆ. ಜೊತೆಗೆ 5 ವ್ಯಾಟ್‌ನದ್ದು ಸೇರಿದರೆ 2.2 ಆಂಪಿಯರ್ ಸುತ್ತ. ತಣ್ಣಗಿರುವ ತಂತಿ ಹಲವು ಪಟ್ಟು ಕರೆಂಟ್ ಕೇಳುವುದರಿಂದ ಬಲ್ಬ್ ಒಂದು ಕ್ಷಣ ನಿಧಾನವಾಗಿ ಬೆಳಗಿದರೆ ಗಾಬರಿ ಬೇಡ, ಮಿತಿ ಸರ್ಕ್ಯೂಟ್ ಕೆಲಸ ಮಾಡುತ್ತಿದೆ ಎಂದರ್ಥ.

ಎರಡು ಗಂಟೆ ಹಾಗೇ ಬಿಡಿ. ಪ್ರತಿ ಹದಿನೈದು ನಿಮಿಷಕ್ಕೆ ಮೂರು ಅಂಕಿ ಬರೆಯಿರಿ: ಔಟ್‌ಪುಟ್ ವೋಲ್ಟೇಜ್, ರಿಪಲ್‌ನ ತಗ್ಗು, ಎಂಜೆ2955 ಕವಚದ ಉಷ್ಣತೆ. ಹೀಟ್ ಸಿಂಕ್ ತಣ್ಣಗಿದ್ದು ಟ್ರಾನ್ಸಿಸ್ಟರ್ ಕವಚ ಮಾತ್ರ ಕುದಿಯುತ್ತಿದ್ದರೆ ಅಭ್ರಕ ಅಥವಾ ಸ್ಕ್ರೂ ಸರಿಯಾಗಿ ಕೂತಿಲ್ಲ. ಎರಡೂ ಹದವಾಗಿದ್ದಾಗಲೇ ಟ್ರಾನ್ಸಿಸ್ಟರ್ ಸತ್ತರೆ ಅದು ನಕಲಿ. ವೇರಿಯಾಕ್ ಇದ್ದರೆ 200 ಮತ್ತು 250 ವೋಲ್ಟ್ ಎರಡರಲ್ಲೂ ಇದೇ ಪರೀಕ್ಷೆ ಮಾಡಿ. ವೇರಿಯಾಕ್ ಕೂಡ ಬೇರ್ಪಡಿಸುವುದಿಲ್ಲ, ಅದು ಯಾವಾಗಲೂ ಟ್ರಾನ್ಸ್‌ಫಾರ್ಮರ್‌ನ ಮೇನ್ಸ್ ಬದಿಯಲ್ಲಿರಬೇಕು.

## 8. ಮಾನಿಟರ್‌ಗೆ ಜೋಡಿಸಿದ ಮೇಲೆ

ಆನ್ ಮಾಡಿ ಕನೆಕ್ಟರ್ ಪಿನ್‌ನಲ್ಲಿ 12 ವೋಲ್ಟ್ ನೋಡಿ. ನಂತರ ಚಿತ್ರದ ಅಂಚು ನೋಡಿ. ಅಮೆರಿಕದವರು ಬರೆದ ಸೂಚನೆಗಳಲ್ಲಿ ರಿಪಲ್ ಇದ್ದರೆ ಅಗಲವಾದ ಪಟ್ಟೆ ನಿಧಾನವಾಗಿ ಮೇಲೆ ತೆವಳುತ್ತದೆ ಎಂದಿರುತ್ತದೆ. ಅಲ್ಲಿ ಮೇನ್ಸ್ ಮತ್ತು ಚಿತ್ರದ ವೇಗ ಎರಡೂ 60ರ ಆಸುಪಾಸು, ಹಾಗಾಗಿ ಪಟ್ಟೆ ತೆವಳುತ್ತದೆ. ಇಲ್ಲಿ ರಿಪಲ್ 100 ಹರ್ಟ್ಸ್, ಚಿತ್ರ 60. ಆದ್ದರಿಂದ ಸೆಕೆಂಡಿಗೆ ಸುಮಾರು 20 ಸಲ ನಡುಗುವ ಅಂಚು ಕಾಣುತ್ತದೆ. ತೆವಳುವ ಪಟ್ಟೆ ಇಲ್ಲ ಎಂದು ರಿಪಲ್ ಇಲ್ಲವೆಂದು ತೀರ್ಮಾನಿಸಿದವರು ತಿಂಗಳುಗಟ್ಟಲೆ ಡಿಫ್ಲೆಕ್ಷನ್ ಬೋರ್ಡ್ ಅಗೆದಿದ್ದಾರೆ. ನಡುಕ ಇನ್ನೂ ನಿಧಾನವಾಗಿ, ಸೆಕೆಂಡಿಗೆ 10ರಂತೆ ಇದ್ದರೆ ಬ್ರಿಡ್ಜ್‌ನ ಒಂದು ಡಯೋಡ್ ತೆರೆದುಹೋಗಿರುವ ಸಾಧ್ಯತೆ ಹೆಚ್ಚು.

## ಬಿ ಪ್ಲಸ್ ಲೈನ್ ಬೇರೆಯೇ ವಿಷಯ

ಮೇಲಿನದ್ದೆಲ್ಲ ಕಡಿಮೆ ವೋಲ್ಟೇಜ್ ಲೈನಿಗೆ. ಹಾರಿಝಾಂಟಲ್ ಭಾಗಕ್ಕೆ ಹೋಗುವ ಬಿ ಪ್ಲಸ್, ಜಿ07ರಲ್ಲಿ 120 ವೋಲ್ಟ್, ಇದಕ್ಕೆ ಈ ಜೋಡಣೆಯನ್ನು ಯಾವ ಕಾರಣಕ್ಕೂ ಮಾಡಬೇಡಿ.

ಹಲವು ಮಾನಿಟರ್‌ಗಳಲ್ಲಿ ಪಾಸ್ ಟ್ರಾನ್ಸಿಸ್ಟರ್‌ಗೆ ಅಡ್ಡಲಾಗಿ ಒಂದು ದಪ್ಪ ವೈರ್‌ವೌಂಡ್ ರೆಸಿಸ್ಟರ್ ಇರುತ್ತದೆ, ಅದು ಕರೆಂಟಿನ ಒಂದು ಪಾಲನ್ನು ಹೊರುತ್ತದೆ. ಅದರ ಓಮ್ ಕಡಿಮೆ ಮಾಡಿ ಟ್ರಾನ್ಸಿಸ್ಟರ್‌ನ ಹೊರೆ ಇಳಿಸುವ ಸಲಹೆ ಕೇಳಿಬರುತ್ತದೆ. ಲೆಕ್ಕ ನೋಡಿ. ಉದಾಹರಣೆಗೆ ಕಚ್ಚಾ 150, ಔಟ್‌ಪುಟ್ 120, ರೆಸಿಸ್ಟರ್ 120 ಓಮ್ ಎಂದರೆ ಅದರ ಮೂಲಕ 0.25 ಆಂಪಿಯರ್. ಮೇನ್ಸ್ 250 ಆದಾಗ ಕಚ್ಚಾ 163, ರೆಸಿಸ್ಟರ್ ಮೂಲಕ 0.36. ಅದನ್ನು 82 ಓಮ್‌ಗೆ ಇಳಿಸಿದರೆ 0.52. ಕತ್ತಲೆಯ ದೃಶ್ಯದಲ್ಲಿ ಮಾನಿಟರ್ ಎಳೆಯುವುದು ಅದಕ್ಕಿಂತ ಕಡಿಮೆಯಾದರೆ ಟ್ರಾನ್ಸಿಸ್ಟರ್ ಪೂರ್ತಿ ಮುಚ್ಚಿದರೂ ವೋಲ್ಟೇಜ್ ಏರುತ್ತಲೇ ಹೋಗುತ್ತದೆ. ಜೊತೆಗೆ ಆನೋಡ್ ವೋಲ್ಟೇಜ್ ಏರುತ್ತದೆ. ಅದು ಮಿತಿ ಮೀರಿದರೆ ಟ್ಯೂಬ್ ಹೊರಸೂಸುವ ಎಕ್ಸ್‌ರೇ ಕೂಡ ಹೆಚ್ಚುತ್ತದೆ. ಎದುರಿಗೆ ಗಂಟೆಗಟ್ಟಲೆ ಮಕ್ಕಳು ನಿಂತು ಆಡುವ ಪೆಟ್ಟಿಗೆ ಇದು.

ಬಿ ಪ್ಲಸ್‌ನಲ್ಲಿ ಮಾಡಬಹುದಾದದ್ದು ಇಷ್ಟೇ: 50 ಹರ್ಟ್ಸ್‌ನ ಸರಿಯಾದ ಐಸೊಲೇಶನ್ ಟ್ರಾನ್ಸ್‌ಫಾರ್ಮರ್, ಹೊಸ ಫಿಲ್ಟರ್ ಕೆಪ್ಯಾಸಿಟರ್, ದೊಡ್ಡ ಹೀಟ್ ಸಿಂಕ್, ಮೂಲಕ್ಕೆ ಸಮನಾದ ಅಥವಾ ಮೇಲ್ದರ್ಜೆಯ ಪಾಸ್ ಟ್ರಾನ್ಸಿಸ್ಟರ್. ಸ್ಯಾಂಕೆನ್‌ನ ಐದು ಕಾಲಿನ ಎಸ್‌ಟಿಆರ್ ರೆಗ್ಯುಲೇಟರ್ ಇದ್ದರೆ ಅದೇ ಸಂಖ್ಯೆಯದನ್ನೇ ಹಾಕಿ. ಎಸ್‌ಟಿಆರ್30123 ಕೊಡುವುದು 123 ವೋಲ್ಟ್, ಎಸ್‌ಟಿಆರ್30130 ಕೊಡುವುದು 130. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ, ಎರಡನ್ನು ಸಮಾಂತರವಾಗಿ ಸೇರಿಸುವಂತೆಯೂ ಇಲ್ಲ. ಪರೀಕ್ಷಿಸಲು ಹಾರಿಝಾಂಟಲ್ ಭಾಗವನ್ನು ಬಿಡಿಸಿ, 230 ವೋಲ್ಟ್‌ನ 100 ವ್ಯಾಟ್ ತಂತಿಬಲ್ಬ್ ಜೋಡಿಸಿ. 120 ವೋಲ್ಟ್‌ನಲ್ಲಿ ಅದು ಸುಮಾರು 0.3 ಆಂಪಿಯರ್ ಎಳೆಯುತ್ತದೆ.

## ತಕ್ಷಣ ಆಫ್ ಮಾಡಬೇಕಾದ ಚಿಹ್ನೆಗಳು

ಮೀನಿನಂಥ ವಾಸನೆ ಬಂದರೆ ಎಲ್ಲೋ ಪ್ಲಾಸ್ಟಿಕ್ ಅಥವಾ ಕೆಪ್ಯಾಸಿಟರ್ ಬೇಯುತ್ತಿದೆ. ಚಿತ್ರ ಇದ್ದಕ್ಕಿದ್ದಂತೆ ಅಗಲವಾಗಿ ಪ್ರಖರವಾದರೆ ವೋಲ್ಟೇಜ್ ಕೈಮೀರುತ್ತಿದೆ. ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಚಿತ್ರ ಹೋಗಿ, ತಣ್ಣಗಾದ ಮೇಲೆ ಮರಳಿ ಬಂದರೆ ಥರ್ಮಲ್ ಸ್ವಿಚ್ ಅಥವಾ 7812ರ ಒಳಗಿನ ಶಾಖ ರಕ್ಷಣೆ ಕೂಗಿ ಹೇಳುತ್ತಿದೆ. ಅದನ್ನು ನೇರ ತಂತಿ ಹಾಕಿ ದಾಟಿಸಬೇಡಿ. ಫ್ಯೂಸ್ ಎರಡನೆಯ ಸಲ ಹಾರಿದರೆ ಮೂರನೆಯದು ಹಾಕುವ ಮೊದಲು ಒಂದನೆಯ ಹಂತಕ್ಕೆ ಮರಳಿ ಲೋಡ್ ಅಳೆಯಿರಿ.

ಒಂದು ತಿಂಗಳ ನಂತರ, ಆಫ್ ಮಾಡಿ, ಡಿಸ್ಚಾರ್ಜ್ ಮಾಡಿ, ಹೀಟ್ ಸಿಂಕ್‌ನ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಕಾದು ತಣಿದು ಅವು ಅರ್ಧ ಸುತ್ತು ಸಡಿಲವಾಗಿರುತ್ತವೆ. ಕನೆಕ್ಟರ್‌ನ ಬಣ್ಣವನ್ನೂ ಆಗಲೇ ನೋಡಿಬಿಡಿ.